ಎರಡನೆಯ ಸಾಕ್ಷಿಯಿಲ್ಲದ ನೋಟುಬುಕ್ಕು

೨೦೨೪ರ ನವೆಂಬರ್ ೧೧, ಸೋಮವಾರ, ಬೆಳಿಗ್ಗೆ ೭ ಗಂಟೆ ೧೨ ನಿಮಿಷ. ಇದು ಶುರುವಾದದ್ದು ಆಗ. ಅವತ್ತು ಕಾರು ಓಡಿಸುತ್ತಿದ್ದವರನ್ನು ಕೇಳಿದರೆ ೭:೨೦ ಅನ್ನುತ್ತಾರೆ. ನಾನು ಬರೆದಿಟ್ಟ ದಾಖಲೆ ಇತ್ತು, ಈಗ ಇಲ್ಲ. ಅದು ಎಲ್ಲಿಗೆ ಹೋಯಿತು ಅನ್ನುವುದನ್ನೇ ಇಲ್ಲಿ ಹೇಳಹೊರಟಿದ್ದೇನೆ. ಹಾಗಾಗಿ ಮುಂದೆ ಬರುವ ಅಂಕಿಗಳೆಲ್ಲ ನೆನಪಿನವು. ಏನನ್ನಾದರೂ ಎಣಿಸದೆ ನಿದ್ದೆ ಹತ್ತದ ನನ್ನಂಥವಳಿಗೆ ಇದು ಎಷ್ಟು ಅವಮಾನದ ಸಂಗತಿ ಎಂದು ಓದುವವರು ಊಹಿಸಿಕೊಳ್ಳಬೇಕು.

ಆಗ ನಾನು ಕೆನಡಾದ ವುಡ್‌ಬ್ರಿಡ್ಜಿನಲ್ಲಿ ಒಂದು ಬೇಸ್‌ಮೆಂಟಿನ ಬಾಡಿಗೆದಾರಳು. ಆಫೀಸು ಮೆಡೋವೇಲಿನಲ್ಲಿ. ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಅದಕ್ಕೊಂದು ನಂಬರು ಕೊಡುವುದು. ಬಸ್ಸಿನಲ್ಲಿ ಹೋದರೆ ಮೂರು ಬಸ್ಸು, ಒಂದು ಗಂಟೆ ನಲವತ್ತು ನಿಮಿಷ. ಎರಡು ಬೀದಿ ಆಚೆಗೆ ನಮ್ಮದೇ ಆಫೀಸಿನ ಸೀನಿಯರ್ ಎಂಜಿನಿಯರ್ ಒಬ್ಬರಿದ್ದರು, ವಿಜಯಪುರದವರು. ಆಫೀಸಿನಲ್ಲಿ ಪಂಜಾಬಿಗಳಿಂದ ಹಿಡಿದು ಚೀನಾದವರವರೆಗೆ ಎಲ್ಲರೂ ಅವರನ್ನು ಭಾಯ್ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ. ಅವರು ನನ್ನನ್ನು ತಂಗಿ ಅಂದರು. ಸೋಮವಾರ, ಮಂಗಳವಾರ, ಗುರುವಾರ ಆಫೀಸಿಗೆ ಹೋಗಲೇಬೇಕಾಗಿತ್ತು. ಆ ಮೂರು ದಿನ ಅವರ ಕಾರಿನಲ್ಲಿ ಹೋಗಿ ಬರುವುದು ಎಂದು ಒಪ್ಪಂದವಾಯಿತು.

ಮೊದಲ ದಿನ ಬೀದಿಯ ಕೊನೆ ದಾಟುವ ಮೊದಲೇ ಅವರು ಕೇಳಿದರು.

"ತಂಗಿ, ನಾ ದಾರಿಯಾಗ ಸ್ವಲ್ಪ ಓದತೀನಿ. ನಿನಗ ತ್ರಾಸ ಆಗಂಗಿಲ್ಲಲ್ಲ?"

ಡ್ರೈವ್ ಮಾಡುತ್ತಾ ಹೇಗೆ ಓದುತ್ತೀರಿ ಎಂದು ನಾನು ಗಾಬರಿಯಾಗಿ ಕೇಳಿದೆ.

"ಪುಸ್ತಕ ಯಾರಿಗೆ ಬೇಕು? ಬಾಯಾಗ ಐತಿ. ಐತೋ, ಹೋಗೇತೋ ಅಂತ ನೋಡಾಕನ ಈ ಕೆಲಸ."

ಅವರು ಹಾಫಿಜ್. ಕುರ್‌ಆನನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಮಾಡಿದವರಿಗೆ ಹಾಗೆನ್ನುತ್ತಾರೆ. ಹದಿಮೂರನೆಯ ವಯಸ್ಸಿಗೆ ಪೂರ್ತಿ ಮುಗಿಸಿದ್ದರಂತೆ. ಆಮೇಲೆ ಎಂಜಿನಿಯರಿಂಗು, ನೌಕರಿ, ವೀಸಾ, ಹಿಮ, ಮಾರ್ಟ್‌ಗೇಜು ಎಂದು ವರ್ಷಗಳು ಕಳೆದವು. ಪ್ರತಿ ವರ್ಷ ರಂಜಾನ್ ತಿಂಗಳಲ್ಲಿ ರಾತ್ರಿಯ ನಮಾಜಿನಲ್ಲಿ ದಿನಕ್ಕೊಂದು ಪಾಲಿನಂತೆ ಮೂವತ್ತು ಪಾಲು ಓದಿ ಮುಗಿಸುವ ಪದ್ಧತಿಯಿದೆ. ಹಿಂದಿನ ವರ್ಷ ವುಡ್‌ಬ್ರಿಡ್ಜಿನ ಕೈಗಾರಿಕಾ ಪ್ರದೇಶದಲ್ಲಿ ಟೈಲ್ಸ್ ಗೋದಾಮಿನ ಪಕ್ಕದ ಬಾಡಿಗೆ ಹಾಲಿನಲ್ಲಿ ಭಾಯ್ ನಮಾಜು ನಡೆಸಲು ಮುಂದೆ ನಿಂತಿದ್ದರು. ಮೊದಲ ರಾತ್ರಿಯೇ ನೆನಪು ಕೈಕೊಟ್ಟಿತು.

ಏನಾಯಿತು ಎಂಬುದನ್ನು ಅವರೇ ನನಗೆ ಹೆದ್ದಾರಿಯ ಭಾಷೆಯಲ್ಲಿ ವಿವರಿಸಿದರು. ಮೊದಲ ಪಾಲಿನಲ್ಲಿ ಅವಳಿ ಜಾಗಗಳು ಎರಡಿವೆ. ಬಹುತೇಕ ಒಂದೇ ಮಾತು, ಒಂದೇ ಲಯ, ಮೊದಲರ್ಧದಲ್ಲೊಮ್ಮೆ, ಕೊನೆಯ ಹತ್ತಿರ ಇನ್ನೊಮ್ಮೆ. ಎರಡನೆಯ ಜಾಗಕ್ಕೆ ಬಂದವನು ಮೈಮರೆತರೆ ಮೊದಲನೆಯ ಜಾಗದ ಮುಂದಿನ ಸಾಲು ಬಾಯಿಗೆ ಬರುತ್ತದೆ. ಅಂದರೆ ತಪ್ಪು ಎಕ್ಸಿಟ್ ತೆಗೆದುಕೊಂಡು, ಸುತ್ತು ಹೊಡೆದು, ಆಗಲೇ ದಾಟಿದ ದಾರಿಗೇ ಮತ್ತೆ ಸೇರಿದ ಹಾಗೆ. ಸಾಮಾನ್ಯವಾಗಿ ಹಿಂದೆ ಒಬ್ಬರು ನಿಂತು ಕೇಳಿಸಿಕೊಂಡು ತಿದ್ದುತ್ತಾರೆ. ಆ ವರ್ಷ ಅವರು ಆಸ್ಪತ್ರೆಯಲ್ಲಿದ್ದರು. ಭಾಯ್ ಆ ಸುತ್ತನ್ನು ಅರ್ಧ ಹೊಡೆದು ಎಚ್ಚರವಾದರು, ಮತ್ತೆ ಎರಡನೆಯ ಜಾಗಕ್ಕೆ ಬಂದರು, ಮತ್ತೆ ಅದೇ ಎಕ್ಸಿಟ್. ಹಿಂದೆ ನಿಂತವರಲ್ಲಿ ಹೆಚ್ಚಿನವರಿಗೆ ಗೊತ್ತಾಗಿದ್ದು ಇವತ್ತು ಯಾಕೋ ಕಾಲು ನೋಯುತ್ತಿದೆ ಎಂಬುದಷ್ಟೇ. ಭಾಯ್‌ಗೆ ಮಾತ್ರ ಎಲ್ಲ ಗೊತ್ತಿತ್ತು. ಮರುದಿನದಿಂದ ಇನ್ನೊಬ್ಬರು ಮುಂದೆ ನಿಂತರು.

"ಈ ಸಲ ಆಗಲಿಲ್ಲಂದ್ರ ನಾ ಹಿಂದಿನ ಸಾಲಿನ್ಯಾಗ ನಿಂದರತೀನಿ, ಸಾಯೂ ತನಕ," ಅಂದರು. ನಗುತ್ತಲೇ ಅಂದರು, ಆದರೆ ಸಿಗ್ನಲ್ಲು ಹಸಿರಾದದ್ದು ಅವರಿಗೆ ಕಾಣಲಿಲ್ಲ. ಹಿಂದಿನವನು ಹಾರ್ನ್ ಹೊಡೆದ. ಕೆನಡಾದಲ್ಲಿ ಹಾರ್ನ್ ಹೊಡೆಸಿಕೊಳ್ಳಬೇಕಾದರೆ ಬಹಳ ಹೊತ್ತು ನಿಲ್ಲಬೇಕು.

ನನಗೆ ಅರಬ್ಬಿಯ ಒಂದು ಅಕ್ಷರವೂ ಬರುವುದಿಲ್ಲ. ಸುಮ್ಮನೆ ಕೂರುವುದಂತೂ ಮೊದಲೇ ಬರುವುದಿಲ್ಲ. ನನ್ನ ಚೀಲದಲ್ಲಿ ಸದಾ ಒಂದು ನೋಟುಬುಕ್ಕಿರುತ್ತದೆ. ಎಡಪುಟದಲ್ಲಿ ಕುಡಿದ ಕಾಫಿ, ಬಸ್ಸು ತಡವಾದ ನಿಮಿಷ, ಅಮ್ಮನಿಗೆ ಫೋನ್ ಮಾಡದ ದಿನಗಳು. ಬಲಪುಟ ಖಾಲಿಯಿತ್ತು. ಅವತ್ತು ಅದರಲ್ಲಿ ಭಾಯ್ ಉಸಿರು ತೆಗೆದುಕೊಳ್ಳುವ ಮೊದಲು ಹೇಳಿದ ಕೊನೆಯ ಪದವನ್ನು ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ಬರೆದುಕೊಳ್ಳತೊಡಗಿದೆ. ಪಕ್ಕದಲ್ಲಿ ಅವರು ತಡವರಿಸಿದ ಕಡೆ ಒಂದು ಚುಕ್ಕೆ, ಹಿಂದಕ್ಕೆ ಹೋಗಿ ಮತ್ತೆ ಬಂದರೆ ಒಂದು ಗೆರೆ. ೪೨೭ ಹೆದ್ದಾರಿ ಹಿಡಿಯುವ ಹೊತ್ತಿಗೆ ಹದಿನಾಲ್ಕು ಚುಕ್ಕೆ, ಮೂರು ಗೆರೆ.

ಅವಳಿ ಜಾಗಗಳು ಎಂದು ಮೊದಲೇ ಹೇಳಿದ್ದರಿಂದ ಅವೆರಡನ್ನು ಮಾತ್ರ ಪೂರ್ತಿ ಬರೆದುಕೊಂಡೆ. ಮೊದಲನೆಯದು ೪೨೭ರಲ್ಲಿ ಬಂತು, ನೋಟುಬುಕ್ಕಿನ ಮೂರನೆಯ ಪುಟಕ್ಕೆ ಹೋಯಿತು. ಎರಡನೆಯದು ಇಪ್ಪತ್ತೈದು ನಿಮಿಷದ ನಂತರ, ೪೦೧ ಹೆದ್ದಾರಿಯ ಮೇಲೆ, ಮೇವಿಸ್ ರಸ್ತೆಯ ಎಕ್ಸಿಟ್ಟಿನ ಹತ್ತಿರ. ಹೋಲಿಸಿ ನೋಡಿದೆ. ಒಂದಕ್ಷರವೂ ವ್ಯತ್ಯಾಸವಿರಲಿಲ್ಲ. "ನಕಲು, ಮೂರನೆಯ ಪುಟದ್ದೇ" ಎಂದು ಬರೆದು ಕೆಳಗೆ ಗೆರೆ ಎಳೆದೆ. ನನ್ನ ಕೆಲಸದಲ್ಲಿ ಇದಕ್ಕೆ ಬೇಸ್‌ಲೈನ್ ಅನ್ನುತ್ತೇವೆ. ಮೊದಲು ಒಂದು ಸರಿಯಾದ ಪ್ರತಿ ಇಟ್ಟುಕೊಳ್ಳುವುದು, ಮುಂದೆ ಬಂದದ್ದನ್ನೆಲ್ಲ ಅದರ ಎದುರು ಹಿಡಿದು ತಪ್ಪು ಹುಡುಕುವುದು. ಆ ಮೊದಲ ಪ್ರತಿ ಸರಿಯಿದೆ ಎಂದು ಹೇಳಿದವರು ಯಾರು ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ. ಇದಕ್ಕೇ ನನಗೆ ಸಂಬಳ ಕೊಡುತ್ತಾರೆ.

ಮೊದಲ ರಾತ್ರಿಯ ಭಯ ಇದ್ದುದರಿಂದ ಭಾಯ್ ಪ್ರತಿ ಸೋಮವಾರ ಬೆಳಿಗ್ಗೆ ಮೊದಲ ಪಾಲನ್ನೇ ಓದುತ್ತಿದ್ದರು. ಉಳಿದ ದಿನ ಬೇರೆ ಪಾಲುಗಳು. ಮುಂದಿನ ಸೋಮವಾರ ಮೇವಿಸ್ ಹತ್ತಿರ ಅವರು ಹೇಳಿದ್ದು ನನ್ನ ಪ್ರತಿಗೆ ಹೊಂದಲಿಲ್ಲ. ಎರಡು ಮಾತುಗಳು ಹಿಂದುಮುಂದಾಗಿದ್ದವು. ಒಂದು ಕೆಂಪು ಗುರುತು ಹಾಕಿದೆ. ಅದರ ಮುಂದಿನ ಸೋಮವಾರ ಮತ್ತೊಂದು. ಒಂದೆರಡು ಸಲಕ್ಕೆ ಬಾಯಿ ಬಿಡುವವಳಲ್ಲ ನಾನು, ಪುರಾವೆ ಕೂಡಿದ ಮೇಲೆ ವರದಿ. ಡಿಸೆಂಬರ್ ೯ಕ್ಕೆ ನಾಲ್ಕು ಕೆಂಪು ಗುರುತುಗಳಾದವು.

ಅವತ್ತು ಹಿಮ ಬೀಳುತ್ತಿತ್ತು. ಸಂಜೆ ವಾಪಸು ಬರುವಾಗ ೪೦೧ ಪೂರ್ತಿ ಕಟ್ಟಿಕೊಂಡಿತ್ತು, ಹತ್ತು ನಿಮಿಷಕ್ಕೆ ನಾಲ್ಕು ಕಾರಿನಷ್ಟು ಮುಂದೆ. ನಾನು ವರದಿ ಒಪ್ಪಿಸಿದೆ. ಮೊದಲ ಸಲ ಸರಿ ಹೇಳಿದ್ದಿರಿ ಭಾಯ್, ಆಮೇಲೆ ನಾಲ್ಕು ಸಲ ತಪ್ಪು. ಅವರು ಎರಡನ್ನೂ ಬಾಯಲ್ಲಿ ಹೇಳಿ ನೋಡಿಕೊಂಡರು. ಮುಖ ಸಣ್ಣದಾಯಿತು. ಮನೆಗೆ ಹೋಗಿ ಪುಸ್ತಕ ತೆಗೆದು ನೋಡುತ್ತೇನೆ ಅಂದರು.

ಟ್ರಾಫಿಕ್ಕು ಅಲುಗಾಡದ ಆ ಒಂದೂಕಾಲು ಗಂಟೆಯಲ್ಲೇ ಅವರು ನನಗೆ ಕುರ್‌ಆನ್ ಪುಸ್ತಕವಾದ ಕತೆ ಹೇಳಿದ್ದು. ಅವರು ಕಲಿತ ಹಾಗೆ, ಸಂಪ್ರದಾಯ ಹೇಳುವ ಹಾಗೆ. ಪ್ರವಾದಿಗಳು ಇದ್ದಾಗ ಅದು ಒಂದು ಪುಸ್ತಕವಾಗಿರಲಿಲ್ಲ. ಖರ್ಜೂರದ ಗರಿಯ ದಿಂಡು, ತೆಳು ಕಲ್ಲು, ಚರ್ಮ, ಪ್ರಾಣಿಗಳ ಹೆಗಲ ಮೂಳೆ, ಹೀಗೆ ಸಿಕ್ಕಿದ್ದರ ಮೇಲೆ ಬರೆದದ್ದು ಚದುರಿ ಇತ್ತು. ಮುಖ್ಯವಾಗಿ ಅದು ಇದ್ದದ್ದು ಜನರ ಎದೆಯಲ್ಲಿ. ಪ್ರವಾದಿಗಳು ತೀರಿಕೊಂಡ ಮೇಲೆ ಒಂದು ಯುದ್ಧದಲ್ಲಿ ಬಾಯಿಪಾಠ ಬಲ್ಲ ಅನೇಕರು ಸತ್ತರು. ಹೀಗೇ ಆದರೆ ಗತಿಯೇನು, ಒಂದು ಕಡೆ ಸೇರಿಸಿಡಿ ಎಂದು ಒಬ್ಬರು ಮೊದಲನೆಯ ಖಲೀಫರ ಬೆನ್ನು ಹತ್ತಿದರು. ಪ್ರವಾದಿಗಳೇ ಮಾಡದ ಕೆಲಸವನ್ನು ನಾನು ಹೇಗೆ ಮಾಡಲಿ ಎಂದು ಖಲೀಫರು ಹಿಂದೇಟು ಹಾಕಿದರು. ಕೊನೆಗೆ ಒಪ್ಪಿ, ಪ್ರವಾದಿಗಳಿಗೆ ಬರೆದುಕೊಡುತ್ತಿದ್ದ ಒಬ್ಬ ಯುವಕನನ್ನು ಕರೆಸಿದರು. ಬೆಟ್ಟ ಎತ್ತಿಡು ಅಂದಿದ್ದರೂ ಇಷ್ಟು ಭಾರವಾಗುತ್ತಿರಲಿಲ್ಲ ಎಂಬ ಅರ್ಥದಲ್ಲಿ ಆತ ಹೇಳಿಕೊಂಡನಂತೆ.

ಮೇಲಿನವರು ಮೀಟಿಂಗ್ ಮಾಡಿ ಕೊನೆಗೆ ಕೆಲಸವನ್ನು ಕಿರಿಯನ ತಲೆಗೆ ಕಟ್ಟುವುದು ಆಗಲೂ ಇತ್ತು ಅನ್ನಿ ಅಂದೆ. ಭಾಯ್ ನಕ್ಕುಬಿಟ್ಟರು.

ಆ ಯುವಕನಿಗೆ ಪೂರ್ತಿ ಬಾಯಿಪಾಠವಿತ್ತು. ಆದರೂ ಅವನು ತನ್ನ ನೆನಪಿನಿಂದ ಬರೆದು ಮುಗಿಸಲಿಲ್ಲ. ಯಾರಾದರೂ ಬರೆದದ್ದನ್ನು ತಂದರೆ ಅದನ್ನೂ ಹಾಗೇ ಒಪ್ಪಲಿಲ್ಲ. ಇಬ್ಬರು ಸಾಕ್ಷಿ ಬೇಕು. ಒಂದೇ ಒಂದು ಭಾಗ ಮಾತ್ರ ಬರಹದಲ್ಲಿ ಒಬ್ಬರ ಹತ್ತಿರವೇ ಸಿಕ್ಕಿತು. ಅವರ ಒಬ್ಬರ ಸಾಕ್ಷಿಯನ್ನು ಇಬ್ಬರದಕ್ಕೆ ಸಮ ಎಂದು ಪ್ರವಾದಿಗಳೇ ಹಿಂದೆ ಹೇಳಿದ್ದರಿಂದ ಒಪ್ಪಿಕೊಂಡರಂತೆ. ನನ್ನದನ್ನೂ ಹಾಗೆ ಇಬ್ಬರದಕ್ಕೆ ಸಮ ಎಂದು ಹಿಡಿಯಬಹುದಾ ಎಂದು ಕೇಳಿದೆ.

"ನಿಂದು ಅರ್ಧ ತಂಗಿ. ನಿನಗ ತಿಳಿಯೂದಽ ಇಲ್ಲ, ಬರೀ ಬರಕೋತಿ."

ಹಾಗೆ ಸೇರಿಸಿದ ಹಾಳೆಗಳು ಮೊದಲನೆಯ ಖಲೀಫರ ಹತ್ತಿರ, ಆಮೇಲೆ ಎರಡನೆಯವರ ಹತ್ತಿರ, ಆಮೇಲೆ ಅವರ ಮಗಳ ಹತ್ತಿರ ಇದ್ದವು. ಅಷ್ಟರಲ್ಲಿ ರಾಜ್ಯ ಬೆಳೆದಿತ್ತು. ದೂರದ ಗಡಿಯಲ್ಲಿ ಒಂದು ಕಡೆಯ ಸೈನಿಕರು ಹೀಗೆ ಓದಿದರೆ ಇನ್ನೊಂದು ಕಡೆಯವರು ಹಾಗೆ ಓದಿ, ನಿಮ್ಮದು ತಪ್ಪು ಎಂದು ಜಗಳ. ಒಬ್ಬ ದಂಡನಾಯಕರು ಗಾಬರಿಯಾಗಿ ಮೂರನೆಯ ಖಲೀಫರ ಹತ್ತಿರ ಓಡಿ ಬಂದರು. ಅವರು ಆ ಹಾಳೆಗಳನ್ನು ತರಿಸಿ, ಅದೇ ಬರಹಗಾರನ ಜೊತೆಗೆ ಇನ್ನೂ ಮೂವರನ್ನು ಕೂರಿಸಿ ಪ್ರತಿ ಮಾಡಿಸಿದರು. ಹಾಳೆಗಳನ್ನು ಆಕೆಗೆ ವಾಪಸು ಕೊಟ್ಟರು. ಪ್ರತಿಗಳನ್ನು ಊರೂರಿಗೆ ಕಳಿಸಿದರು. ಜನ ತಮ್ಮ ತಮ್ಮಷ್ಟಕ್ಕೆ ಬರೆದುಕೊಂಡ ಉಳಿದದ್ದನ್ನೆಲ್ಲ ಸುಡಲು ಹೇಳಿದರು. ಆಗಿನ ಲಿಪಿಗೆ ಚುಕ್ಕೆಗಳಿಲ್ಲ, ಸ್ವರಚಿಹ್ನೆಗಳಿಲ್ಲ. ಆದ್ದರಿಂದ ಪುಸ್ತಕ ಒಂದೇ ಸಾಲದು, ಓದಿ ತೋರಿಸುವ ಮನುಷ್ಯನೂ ಬೇಕು ಎಂದರು ಭಾಯ್.

ಇದೊಳ್ಳೆ ರಿಲೀಸ್ ಮ್ಯಾನೇಜ್‌ಮೆಂಟು, ಹಳೆ ವರ್ಷನ್ನು ಯಾರ ಲ್ಯಾಪ್‌ಟಾಪಿನಲ್ಲೂ ಇರಬಾರದು, ಅಲ್ವಾ ಭಾಯ್, ಎಂದು ನಾನು ನಕ್ಕೆ. ನಮ್ಮ ಮನೆಯಲ್ಲಿ ದೊಡ್ಡಮ್ಮಂದಿರು ಸೇರಿ ಸ್ತೋತ್ರ ಹೇಳುವಾಗ ಯಾರ ಗಂಟಲು ದೊಡ್ಡದೋ ಅವರದೇ ಸರಿಯಾದ ಪಾಠ, ಸಾಕ್ಷಿ ಗೀಕ್ಷಿ ಏನೂ ಇಲ್ಲ ಎಂದೂ ಹೇಳಿದೆ. ಸುಡಲು ಕೊಟ್ಟವರಿಗೆ ಏನನ್ನಿಸಿತು ಎಂದು ಆಗ ಕೇಳಬೇಕು ಅನ್ನಿಸಲಿಲ್ಲ.

ಮರುದಿನ ಬೆಳಿಗ್ಗೆ ಭಾಯ್ ಕಾರಿನ ಬಾಗಿಲು ತೆರೆಯುತ್ತಲೇ ಹೇಳಿದರು. ನೋಡಿದೆ ತಂಗಿ, ನೀ ಬರೆದದ್ದೇ ಖರೆ. ನನಗೆ ಆದ ಹೆಮ್ಮೆಯನ್ನು ಅಳೆಯುವ ಕಾಲಂ ನೋಟುಬುಕ್ಕಿನಲ್ಲಿರಲಿಲ್ಲ.

ಡಿಸೆಂಬರ್ ೧೬ರಿಂದ ಮೇವಿಸ್ ಹತ್ತಿರ ಅವರು ನನ್ನ ಪ್ರತಿಯ ಹಾಗೇ ಹೇಳತೊಡಗಿದರು. ಮೊದಮೊದಲು ಅಲ್ಲಿಗೆ ಬರುವಾಗ ಧ್ವನಿ ತಗ್ಗಿಸಿ, ನನ್ನ ಕಡೆ ಒಂದು ಕಣ್ಣು ಹಾಯಿಸಿ, ನಾನು ತಲೆಯಾಡಿಸಿದ ಮೇಲೆ ಮುಂದೆ ಹೋಗುತ್ತಿದ್ದರು. ಜನವರಿಯಲ್ಲಿ ಆ ಅಳುಕೂ ಹೋಯಿತು. ನಾನು ಹಸಿರು ಟಿಕ್ ಹಾಕುತ್ತಾ ಹೋದೆ. ವರ್ಷದ ಕೊನೆಯ ರಜೆಯ ಎರಡು ಸೋಮವಾರ ಬಿಟ್ಟು, ಫೆಬ್ರವರಿ ೧೦ಕ್ಕೆ ಏಳು ಟಿಕ್. ಒಟ್ಟು ಹನ್ನೆರಡು ಸೋಮವಾರ: ಮೊದಲ ಒಂದು ಸರಿ, ನಾಲ್ಕು ತಪ್ಪು, ಆಮೇಲೆ ಏಳು ಸರಿ. ಗ್ರಾಫ್ ಮಾಡಿದ್ದರೆ ಮ್ಯಾನೇಜರ್ ಚಪ್ಪಾಳೆ ತಟ್ಟುತ್ತಿದ್ದರು.

ಆ ವಾರ ಹಿಮ ಸುರಿದು ಬೀದಿಯ ಎರಡೂ ಕಡೆ ಕಾರಿಗಿಂತ ಎತ್ತರದ ಗುಡ್ಡೆಯಾಯಿತು. ರಂಜಾನ್‌ಗೆ ಇನ್ನು ಎರಡು ವಾರ ಉಳಿದಿತ್ತು. ಹಿಂದೆ ನಿಂತು ತಿದ್ದುವ ಹಿರಿಯರು ಆಸ್ಪತ್ರೆಯಿಂದ ಬಂದು ಸುಧಾರಿಸಿಕೊಂಡಿದ್ದರು. ನಿವೃತ್ತ ಡಾಕ್ಟರು, ಮಂಗಳೂರು ಕಡೆಯವರು, ನನ್ನ ಅಮ್ಮ ಲಂಗ ಹಾಕುತ್ತಿದ್ದ ಕಾಲಕ್ಕೇ ಕೆನಡಾಕ್ಕೆ ಬಂದವರು. ಈ ಸಲ ನಿಲ್ಲುವ ಮೊದಲು ನನ್ನ ಓದನ್ನೊಮ್ಮೆ ಕೇಳಿ ನೋಡಿ ಎಂದು ಭಾಯ್ ತಾವಾಗಿಯೇ ಅವರನ್ನು ಕೋರಿದ್ದರು. ನೀವು ಬೇಡ ಅಂದರೆ ನಿಲ್ಲುವುದಿಲ್ಲ ಎಂದೂ ಮಾತು ಕೊಟ್ಟಿದ್ದರು.

ಫೆಬ್ರವರಿ ೨೩, ಭಾನುವಾರ, ಮಧ್ಯಾಹ್ನ ೨ ಗಂಟೆ, ಮಿಸಿಸಾಗದಲ್ಲಿ ಡಾಕ್ಟರ ಮನೆ. ಭಾಯ್ ನನ್ನನ್ನೂ ಕರೆದುಕೊಂಡು ಹೋದರು. ನೋಟುಬುಕ್ಕು ತರಲು ಮರೆಯಬೇಡ ಎಂದು ಹಿಂದಿನ ದಿನ ಎರಡು ಸಲ ಮೆಸೇಜ್ ಮಾಡಿದ್ದರು. ಡಾಕ್ಟರ ಹೆಂಡತಿ ಗೋಳಿಬಜೆ ಮಾಡಿದ್ದರು. ನಾನು ಆರು ತಿಂದೆ. ಇದನ್ನು ಬರೆದುಕೊಂಡಿರಲಿಲ್ಲ, ಆದರೂ ನೆನಪಿದೆ.

ಡಾಕ್ಟರು ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು, ಅದನ್ನು ತೆರೆಯದೆ, ಕಣ್ಣು ಮುಚ್ಚಿ ಕೂತರು. ಭಾಯ್ ಎದುರಿಗೆ ನೆಲದ ಮೇಲೆ. ಅವಳಿಯ ಮೊದಲ ಜಾಗ ಬಂತು, ಹೋಯಿತು. ಡಾಕ್ಟರು ಅಲ್ಲಾಡಲಿಲ್ಲ. ಉಳಿದ ಕಡೆ ಎರಡು ಸಲ ಒಂದೊಂದು ಪದ ಹೇಳಿಕೊಟ್ಟರು, ಭಾಯ್ ತೆಗೆದುಕೊಂಡು ಮುಂದೆ ಹೋದರು. ಆಮೇಲೆ ಎರಡನೆಯ ಜಾಗ. ನಾನು ಹಸಿರು ಪೆನ್ನಿನ ಮುಚ್ಚಳ ತೆಗೆದಿದ್ದೆ.

ಡಾಕ್ಟರು ಒಂದು ಪದ ಹೇಳಿದರು. ಭಾಯ್ ನಿಂತರು, ಸಾಲಿನ ಮೊದಲಿಗೆ ಹೋದರು, ಮತ್ತೆ ಮೊದಲಿನ ಹಾಗೇ ಹೇಳಿದರು. ಡಾಕ್ಟರು ಅದೇ ಪದವನ್ನು ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಿದರು.

"ಇಲ್ರೀ ಡಾಕ್ಟ್ರ. ಇದನ್ನ ನಾವು ಚೆಕ್ ಮಾಡೀವಿ."

ಡಾಕ್ಟರು ಕಣ್ಣು ಬಿಟ್ಟರು. "ನಾವು ಅಂದ್ರೆ ಯಾರು?"

ಭಾಯ್ ನನ್ನ ಕಡೆ ನೋಡಿದರು. ನಾನು ನೋಟುಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಡಾಕ್ಟರಿಗೆ ಕನ್ನಡ ಓದಲು ಬರುತ್ತಿತ್ತು. ಒಂದೊಂದೇ ಪುಟ ತಿರುವಿದರು. ಎಡಪುಟದ ಕಾಫಿ ಲೆಕ್ಕವನ್ನೂ ಅಷ್ಟೇ ಗಂಭೀರವಾಗಿ ಓದಿದರು. ಆಮೇಲೆ ತಮ್ಮ ಪುಸ್ತಕ ತೆರೆದು, ಏಳನೆಯ ಪುಟದಲ್ಲಿ ಒಂದು ಬೆರಳು, ಹತ್ತೊಂಬತ್ತನೆಯ ಪುಟದಲ್ಲಿ ಒಂದು ಬೆರಳು ಇಟ್ಟು ತೋರಿಸಿದರು. ಅವಳಿಗಳು ತದ್ರೂಪಿಗಳಲ್ಲ. ಕೊನೆಯ ತೀರ್ಪಿನ ದಿನದಂದು ಯಾರೂ ಯಾರಿಗೂ ಒದಗುವುದಿಲ್ಲ ಎಂಬ ಅರ್ಥದ ಮಾತು ಎರಡೂ ಕಡೆ ಇದೆ. ಮೊದಲನೆಯ ಕಡೆ ಯಾರೋ ಪರವಾಗಿ ಕೇಳಿಕೊಳ್ಳುವ ಮಾತು ಮೊದಲು, ಪರಿಹಾರ ತೆರುವ ಮಾತು ಆಮೇಲೆ. ಎರಡನೆಯ ಕಡೆ ಪರಿಹಾರ ಮೊದಲು, ಕೇಳಿಕೊಳ್ಳುವುದು ಆಮೇಲೆ.

ನವೆಂಬರ್ ೧೧ರಂದು ಭಾಯ್ ತಪ್ಪು ಹೇಳಿದ್ದರು. ನಾನು ಅದನ್ನು ಬೇಸ್‌ಲೈನ್ ಮಾಡಿಕೊಂಡಿದ್ದೆ. ನಾಲ್ಕು ಕೆಂಪು ಗುರುತೂ ಅವರು ಸರಿಯಾಗಿ ಹೇಳಿದ ದಿನಗಳವು. ಏಳು ಹಸಿರು ಟಿಕ್ಕೂ ತಪ್ಪಿನವು.

ಹಾಗಾದರೆ ಆ ರಾತ್ರಿ ಪುಸ್ತಕ ತೆಗೆದು ನೋಡಿದ್ದು? ಡಾಕ್ಟರು ಕೇಳಿದರು, ಎಷ್ಟನೆಯ ಪುಟ ತೆಗೆದೆ? ಭಾಯ್ ಹಣೆ ಹಿಡಿದುಕೊಂಡರು. ಅವರು ತೆಗೆದು ನೋಡಿದ್ದು ಏಳನೆಯದನ್ನೇ. ಎರಡನೆಯ ಜಾಗವನ್ನು ಪರೀಕ್ಷಿಸಲು ಹೋಗಿ, ಪುಸ್ತಕದಲ್ಲೂ ಅದೇ ತಪ್ಪು ಎಕ್ಸಿಟ್ ತೆಗೆದುಕೊಂಡಿದ್ದರು.

"ಅವ ಹೇಳಿದ್ದು, ನೀನು ಬರೆದದ್ದು, ನೀನು ಓದಿದ್ದನ್ನು ಪುನಃ ಅವನೇ ಕೇಳಿದ್ದು," ಅಂದರು ಡಾಕ್ಟರು. "ಇದರಲ್ಲಿ ಸಾಕ್ಷಿ ಎಲ್ಲಿ ಉಂಟು ಮಗಳೇ? ಬರೀ ಎಕೋ."

ಗೋಳಿಬಜೆಯ ತಟ್ಟೆ ನನ್ನ ಮುಂದೆಯೇ ಇತ್ತು. ಭಾಯ್ ಮುಖದಲ್ಲಿ ಆ ಹಿಂದಿನ ಸಾಲು ಕಾಣುತ್ತಿತ್ತು. ಮೂರು ತಿಂಗಳ ಹಿಂದೆ ಅವರಿಗೆ ಇದ್ದದ್ದು ಅನುಮಾನ ಮಾತ್ರ. ತಪ್ಪನ್ನು ಏಳು ಸೋಮವಾರ ತಿದ್ದಿ ತೀಡಿ ಗಟ್ಟಿ ಮಾಡಿಕೊಟ್ಟವಳು ನಾನು. ಮೊದಲ ರಾತ್ರಿಗೆ ಇನ್ನು ಐದು ದಿನ.

ನಾನು ತಕ್ಷಣ ತಿದ್ದುಪಡಿ ಸೂಚಿಸಿದೆ. ಆ ಪುಟಕ್ಕೆ ಅಡ್ಡಗೆರೆ ಹಾಕುತ್ತೇನೆ, ಪಕ್ಕದಲ್ಲಿ ಸರಿಯಾದದ್ದು ಬರೆಯುತ್ತೇನೆ, ದಿನಾಂಕ ಹಾಕುತ್ತೇನೆ. ಡಾಕ್ಟರು ಬೇಡವೆಂದು ತಲೆಯಾಡಿಸಿದರು. ಅಡ್ಡಗೆರೆ ಹಾಕಿದರೆ ಕಣ್ಣು ಮೊದಲು ಹೋಗುವುದು ಅದಕ್ಕೇ, ಅಂದರು. ಮೂರನೆಯ ಖಲೀಫರು ಜನರಿಗೆ ತಿದ್ದೋಲೆ ಕಳಿಸಲಿಲ್ಲವಲ್ಲ.

"ಈ ಬುಕ್ಕು ಕಾರಲ್ಲಿ ಇರುವಷ್ಟು ದಿನ ಇವ ನಿನ್ನ ಮುಖ ನೋಡಿಯೇ ಓದುವುದು. ನನಗೆ ಕೊಡು."

ಆ ಎರಡು ಹಾಳೆ ಹರಿದು ಕೊಡಲಾ ಎಂದು ಕೇಳಿದೆ. ಹರಿದರೆ ಅದರ ಬೆನ್ನಿಗಿದ್ದ ನವೆಂಬರಿನ ಬಸ್ಸುಗಳು ಹೋಗುತ್ತಿದ್ದವು. ಇನ್ನೂ ನೋಡಿದರೆ ಪ್ರತಿ ಬಲಪುಟದಲ್ಲೂ ಭಾಯ್ ಅವರ ಪದಗಳು, ಪ್ರತಿ ಎಡಪುಟದಲ್ಲೂ ನಾನು. ಬೇರ್ಪಡಿಸುವ ಹಾಗಿರಲಿಲ್ಲ. ಫೋನಿನಲ್ಲಿ ಫೋಟೋ ತೆಗೆದುಕೊಳ್ಳುವ ಯೋಚನೆ ಬಂತು. ಡಾಕ್ಟರ ಮುಖ ನೋಡಿ ಫೋನನ್ನು ಚೀಲದಲ್ಲೇ ಬಿಟ್ಟೆ. ಕಾರಿನಲ್ಲಿ ಕೂತು ರಿಲೀಸ್ ಮ್ಯಾನೇಜ್‌ಮೆಂಟು ಎಂದು ನಕ್ಕಿದ್ದವಳ ಕೈಯಿಂದ ಆ ನೋಟುಬುಕ್ಕು ಸುಲಭಕ್ಕೆ ಬಿಡಲಿಲ್ಲ. ಡಾಕ್ಟರು ಸ್ವಲ್ಪ ಎಳೆಯಲೇಬೇಕಾಯಿತು.

ಸುಡುತ್ತೀರಾ ಎಂದು ಕೇಳಿದೆ. ಇಲ್ಲವಂತೆ. ನಮಾಜಿನ ಹಾಲಿನಲ್ಲಿ ಒಂದು ಪೆಟ್ಟಿಗೆಯಿದೆ. ಹರಿದ, ಹಳೆಯದಾದ ಪವಿತ್ರ ಪುಟಗಳನ್ನು ಅದರಲ್ಲಿ ಹಾಕಿ, ಚಳಿ ಮುಗಿದು ನೆಲ ಮೆತ್ತಗಾದ ಮೇಲೆ ಮರ್ಯಾದೆಯಿಂದ ಹೂಳುತ್ತಾರೆ. ಕನ್ನಡದಲ್ಲಿ, ಅದೂ ತಪ್ಪಾಗಿ ಬರೆದದ್ದಕ್ಕೆ ಆ ಮರ್ಯಾದೆ ಸಲ್ಲುತ್ತದೆಯೇ ಎಂದು ಭಾಯ್ ಮೆಲ್ಲಗೆ ಕೇಳಿದರು. ಡಾಕ್ಟರು, ಕಸದ ಬುಟ್ಟಿಗೆ ಹಾಕಲು ನನಗೆ ಮನಸ್ಸಿಲ್ಲ, ಅಷ್ಟೇ, ಅಂದರು. ಹೀಗಾಗಿ ನಾನು ಆ ಚಳಿಗಾಲ ಕುಡಿದ ಕಾಫಿಗಳಿಗೂ ಅಮ್ಮನಿಗೆ ಫೋನ್ ಮಾಡದ ದಿನಗಳಿಗೂ ಒಂಟಾರಿಯೋದ ಮಣ್ಣಿನಲ್ಲಿ ಜಾಗ ಸಿಕ್ಕಿತು.

ನಿಲ್ಲಬೇಕೋ ಬೇಡವೋ ಎಂಬುದನ್ನು ಡಾಕ್ಟರು ಹೇಳಿರಲಿಲ್ಲ. ಬಾಗಿಲಲ್ಲಿ ಬೂಟು ಹಾಕಿಕೊಳ್ಳುವಾಗ ಭಾಯ್ ಕೇಳಿದರು. ಡಾಕ್ಟರು ಅವರ ಭುಜ ಮುಟ್ಟಿ, ನೀನು ತಪ್ಪನ್ನೇ ಇಷ್ಟು ಗಟ್ಟಿಯಾಗಿ ಕಲಿತಿದ್ದೀ ಮಾರಾಯ, ಸರಿಯಾದದ್ದಕ್ಕೆ ಐದು ದಿನ ಸಾಕು, ಅಂದರು. ನಾನು ಹಿಂದೆ ಇರ್ತೇನೆ ಎಂದೂ ಸೇರಿಸಿದರು.

ಆ ವಾರ ಮೂರು ದಿನ, ಆರು ಪ್ರಯಾಣ. ನನ್ನ ಕೈ ಖಾಲಿ. ಮುಖವನ್ನೂ ಖಾಲಿ ಇಟ್ಟುಕೊಳ್ಳಬೇಕೆಂದು ಆಜ್ಞೆಯಾಗಿತ್ತು, ಆದ್ದರಿಂದ ಕಿಟಕಿಯ ಕಡೆ ತಿರುಗಿ ಹಿಮದ ಗುಡ್ಡೆ ನೋಡುತ್ತಾ ಕೂತೆ. ಭಾಯ್ ಒಂದು ಉಪಾಯ ಮಾಡಿಕೊಂಡರು. ಅವಳಿಗಳನ್ನು ರಸ್ತೆಗೆ ಕಟ್ಟಿಹಾಕಿದರು. ೪೨೭ಕ್ಕೆ ಕೇಳಿಕೊಳ್ಳುವುದು ಮೊದಲು, ಮೇವಿಸ್‌ಗೆ ಪರಿಹಾರ ಮೊದಲು. ಎಕ್ಸಿಟ್ಟಿನ ಬೋರ್ಡು ಕಂಡ ಕೂಡಲೇ ಪರಿಹಾರ, ಪರಿಹಾರ ಎಂದು ಕನ್ನಡದಲ್ಲೇ ಗೊಣಗಿಕೊಂಡು ಆಮೇಲೆ ಸಾಲು ಹೇಳುವರು. ಸಂಜೆ ವಾಪಸು ಬರುವಾಗ ರಸ್ತೆ ಹಿಂದುಮುಂದಾಗುತ್ತಿತ್ತು. ಆಗ ಕಣ್ಣೆದುರಿನ ಬೋರ್ಡನ್ನು ಲೆಕ್ಕಕ್ಕಿಡದೆ ಬೆಳಗಿನ ದಾರಿಯನ್ನು ನೆನೆಸಿಕೊಳ್ಳಬೇಕು. ಮಂಗಳವಾರ ಸಂಜೆ ಒಮ್ಮೆ ಜಾರಿದರು. ಅಭ್ಯಾಸಬಲದಿಂದ ನನ್ನ ಕಡೆ ನೋಡಿದರು. ನಾನು ಹಿಮ ನೋಡಿದೆ. ಗುರುವಾರ ಎರಡೂ ಪ್ರಯಾಣದಲ್ಲಿ ಸರಿ ಹೇಳಿದರು ಎಂದು ನನ್ನ ನಂಬಿಕೆ. ಹೌದಾ ಅಲ್ಲವಾ ಎಂದು ತೀರ್ಪು ಕೊಡುವ ಅಧಿಕಾರ ನನಗೆ ಉಳಿದಿರಲಿಲ್ಲ.

ಫೆಬ್ರವರಿ ೨೮, ಶುಕ್ರವಾರ. ಚಂದ್ರ ಕಂಡನೋ ಇಲ್ಲವೋ ಎಂದು ಸಂಜೆಯವರೆಗೂ ಭಾಯ್ ಅವರ ಮೂರು ವಾಟ್ಸಾಪ್ ಗುಂಪುಗಳಲ್ಲಿ ನಾಲ್ಕು ಅಭಿಪ್ರಾಯಗಳಿದ್ದವು. ಕೊನೆಗೆ ಅವರ ನಮಾಜಿನ ಹಾಲಿನವರು ಇವತ್ತೇ ಎಂದು ತೀರ್ಮಾನಿಸಿದರು. ಡಾಕ್ಟರ ಹೆಂಡತಿ ನನ್ನನ್ನು ಹೆಂಗಸರ ಕಡೆ ಕರೆದುಕೊಂಡು ಹೋಗಿ, ಪರದೆಯ ಹಿಂದೆ, ಗೋಡೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಹೀಟರು ಬಿಸಿಗಿಂತ ಸದ್ದನ್ನೇ ಹೆಚ್ಚು ಮಾಡುತ್ತಿತ್ತು. ಭಾಯ್ ಅವರ ಧ್ವನಿ ಸ್ಪೀಕರಿನಲ್ಲಿ ಬಂದಾಗ ಮೊದಲಿಗೆ ಗುರುತೇ ಸಿಗಲಿಲ್ಲ. ಕಾರಿನಲ್ಲಿ ಆ ಧ್ವನಿಯ ಜೊತೆ ಇಂಡಿಕೇಟರಿನ ಟಿಕ್ ಟಿಕ್ ಇರುತ್ತಿತ್ತು.

ಅರ್ಥ ಗೊತ್ತಿಲ್ಲದಿದ್ದರೂ ದಾರಿ ಗೊತ್ತಿತ್ತು. ಇದು ನಮ್ಮ ಬೀದಿ, ಇದು ಹೈವೇ ಸೆವೆನ್, ಇದು ೪೨೭. ಕೇಳಿಕೊಳ್ಳುವುದು ಮೊದಲು ಬಂತು. ಸರಿ. ನಡುವೆ ಮೂರು ಕಡೆ ಡಾಕ್ಟರು ಪದ ಕೊಟ್ಟದ್ದು ಕೇಳಿಸಿತು. ಭಾಯ್ ಪ್ರತಿ ಸಲವೂ ಅದನ್ನು ತೆಗೆದುಕೊಂಡು ಮುಂದೆ ಹೋದರು. ಯಾರೂ ಅದನ್ನು ದೊಡ್ಡದು ಮಾಡಿದ ಹಾಗೆ ಕಾಣಲಿಲ್ಲ. ನನ್ನ ಬೆರಳು ಮಾತ್ರ ಚೀಲದಲ್ಲಿ ಪೆನ್ನು ಹುಡುಕುತ್ತಿತ್ತು. ಆಮೇಲೆ ೪೦೧, ಹುರೊಂಟಾರಿಯೋ ರಸ್ತೆ. ಧ್ವನಿ ಸ್ವಲ್ಪ ನಿಧಾನವಾಯಿತು. ಬೋರ್ಡು ಕಂಡಿರಬೇಕು. ಪರಿಹಾರ ಮೊದಲು ಬಂತು. ಡಾಕ್ಟರ ಕಡೆಯಿಂದ ಏನೂ ಕೇಳಲಿಲ್ಲ. ಭಾಯ್ ಎಕ್ಸಿಟ್ ದಾಟಿ ನೇರ ಹೋದರು.

ಸೋಮವಾರ ಬೆಳಿಗ್ಗೆ ಕಾರಿನಲ್ಲಿ ಅವರು ಓದಲಿಲ್ಲ. ಉಪವಾಸ, ಗಂಟಲು ಒಣಗಿದೆ, ರಾತ್ರಿಗೆ ಉಳಿಸಿಕೊಳ್ಳಬೇಕು ಅಂದರು. ಮೇವಿಸ್ ಹತ್ತಿರ ಬಂದಾಗ ಇಬ್ಬರೂ ಬೋರ್ಡು ನೋಡಿದೆವು.

"ತಂಗಿ, ನಿನ್ನ ಕಾಫಿ ಎಷ್ಟಕ್ಕ ಬಂದಿತ್ತು?"

ಅರವತ್ತೊಂದು ಅಂದೆ. ಅರವತ್ತಮೂರು ಇರಬೇಕು, ಎರಡು ನಾನೇ ಕುಡಿಸಿದ್ದು ನೀನು ಬರೆದಿರಲಿಲ್ಲ ಅಂದರು. ಈಗ ಅದನ್ನು ತೀರ್ಮಾನಿಸುವವರು ಯಾರೂ ಇಲ್ಲ.

ಆಮೇಲೆ ನಾನು ಈ ವಿಷಯದ ಬಗ್ಗೆ ಒಂದಿಷ್ಟು ಓದಿದೆ. ವಿದ್ವಾಂಸರು ಎಷ್ಟೋ ವಿಷಯಗಳಲ್ಲಿ ಜಗಳವಾಡುತ್ತಾರೆ, ಹಳೆಯ ಹಾಳೆಗಳ ಕಾಲ ನಿರ್ಣಯ ಮಾಡುತ್ತಾರೆ. ಸುಡಲೆಂದು ತಮ್ಮ ಸ್ವಂತ ಪ್ರತಿಯನ್ನು ಕೊಡಲು ಒಪ್ಪದ ಹಿರಿಯರೊಬ್ಬರ ಪ್ರಸ್ತಾಪ ಸಿಕ್ಕಿತು. ಸುಮ್ಮನೆ ಕೊಟ್ಟುಬಿಟ್ಟ ಸಾಮಾನ್ಯರ ಬಗ್ಗೆ ನನಗೆ ಏನೂ ಸಿಗಲಿಲ್ಲ. ವರ್ಷಗಟ್ಟಲೆ ತಾವೇ ಬರೆದುಕೊಂಡದ್ದನ್ನು ಒಪ್ಪಿಸಿ ಮನೆಗೆ ಹೋದವರು ಮರುದಿನ ಬೆಳಿಗ್ಗೆ ಏನು ಮಾಡಿದರು? ಆ ತೊಗಲಿನ ಅಂಚಿನಲ್ಲಿ ಅವರೂ ತಮ್ಮದೇನಾದರೂ ಬರೆದುಕೊಂಡಿದ್ದರೇ, ಕುರಿಗಳ ಸಂಖ್ಯೆ, ಮಗು ಹುಟ್ಟಿದ ದಿನ, ಇಂಥದ್ದು? ಇನ್ನೊಂದು ವಿಷಯ: ವಿಜಯಪುರದ ಕಡೆ ಕಿವಿಗೆ ಬಿದ್ದದ್ದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಕಲಿತವರು ಯಾರೋ ಇದ್ದರು ಎಂದು ಭಾಯ್ ಅರೆಬರೆ ನೆನಪಿನಿಂದ ಹೇಳುತ್ತಾರೆ, ಅದಕ್ಕೆ ಅವರೊಬ್ಬರೇ ಸಾಕ್ಷಿ. ಇವೆರಡರಲ್ಲಿ ಯಾವುದರ ಬಗ್ಗೆಯಾದರೂ ಗೊತ್ತಿರುವವರು ದಯವಿಟ್ಟು ಬರೆದು ತಿಳಿಸಿ. ನಿಮಗೆ ಯಾರು ಹೇಳಿದರು, ಅವರಿಗೆ ಯಾರು ಹೇಳಿದರು ಎಂಬುದನ್ನೂ ಬರೆಯಿರಿ.